ಮೂರನೇ ತರಗತಿಗೆ ಒಂದು ಗಂಟೆ

ಡಿಸೆಂಬರ್ ಬಂತೆಂದರೆ ನಮ್ಮ ಪ್ರೌಢಶಾಲೆಗಳಲ್ಲಿ ವಿಶೇಷ ತರಗತಿಗಳ ಭರಾಟೆ. ಎಸ್ಸೆಸ್ಸೆಲ್ಸಿಯಲ್ಲಿ ತೇರ್ಗಡೆಯಾಗುವುದು ಅನುಮಾನ ಎನಿಸಿದವರ ಪಟ್ಟಿ ಮಾಡಿ, ‘ಪಾಸಿಂಗ್ ಪ್ಯಾಕೇಜ್’ ಕೈಗಿತ್ತು, ಅದರಲ್ಲಿರುವಷ್ಟನ್ನು ಬಾಯಿಪಾಠ ಮಾಡಿಸುತ್ತಾರೆ. ಮೇಷ್ಟರುಗಳ ದುಡಿಮೆ ಸುಳ್ಳಲ್ಲ. ಆದರೆ ಆ ಪಟ್ಟಿಯ ಎಷ್ಟೋ ಮಕ್ಕಳು ಸೋತದ್ದು ಹತ್ತನೆಯಲ್ಲಲ್ಲ, ಮೂರನೆಯಲ್ಲೋ ನಾಲ್ಕನೆಯಲ್ಲೋ. ಪಾಠದ ಒಂದು ಸಾಲನ್ನು ಓದಲಾಗದೆ ಅವರು ತಲೆ ತಗ್ಗಿಸಿ ನಿಂತಾಗ ಯಾರೂ ಪಟ್ಟಿ ಮಾಡಲಿಲ್ಲ. ನೆರವಿನ ಬಹುಪಾಲು ಕೊನೆಯ ವರ್ಷಕ್ಕೆ ಮೀಸಲಾಗಿರುವುದೇ ನನ್ನ ತಕರಾರು.

ಕನ್ನಡ ಬರೆದಂತೆಯೇ ಓದುವ ಭಾಷೆ, ಕಲಿಯುವುದೇನು ಮಹಾ ಎಂಬ ಉಡಾಫೆ ನಮ್ಮಲ್ಲಿದೆ. ವರ್ಣಮಾಲೆಯಲ್ಲಿರುವುದು 49 ಅಕ್ಷರ, ಸರಿ. ಆದರೆ 34 ವ್ಯಂಜನಗಳ ಕಾಗುಣಿತವೇ ಐನೂರು ದಾಟುತ್ತದೆ, ಒತ್ತಕ್ಷರಗಳ ಲೆಕ್ಕ ಬೇರೆ. ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಅಧ್ಯಯನ ಪ್ರಕಟಿಸಿದ ಸೊನಾಲಿ ನಾಗ್, ಅಕ್ಷರ ಕಲಿಕೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತಿರುತ್ತದೆ ಎಂದು ತೋರಿಸಿದರು. ಪಠ್ಯಪುಸ್ತಕಕ್ಕೆ ಅಷ್ಟು ಹೊತ್ತು ಕಾಯುವ ವ್ಯವಧಾನವಿಲ್ಲ.

ತಡವರಿಸುವವರೆಲ್ಲ ಒಂದೇ ಬಗೆಯವರೂ ಅಲ್ಲ. ಒಬ್ಬನಿಗೆ ಪು, ಪೂ ಒಂದೇ ಆಗಿ ಕಾಣುತ್ತದೆ. ಇನ್ನೊಬ್ಬಳು ಒತ್ತು ಬಂದಲ್ಲೆಲ್ಲ ನಿಂತುಬಿಡುತ್ತಾಳೆ. ಮತ್ತೊಬ್ಬ ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ ಸಾಲಿನ ಅರ್ಥವೇ ಕೈತಪ್ಪಿರುತ್ತದೆ. ಮನೆಯಲ್ಲಿ ಲಂಬಾಣಿ ಅಥವಾ ಉರ್ದು ಆಡುವ ಮಗು ಅಕ್ಷರವನ್ನು ಸರಿಯಾಗಿಯೇ ಓದಿ, ಪದ ಗೊತ್ತಿಲ್ಲದೆ ಸುಮ್ಮನಾಗುತ್ತದೆ. ಇವರೆಲ್ಲರನ್ನೂ ಒಟ್ಟಿಗೆ ಕೂರಿಸಿ ಅದೇ ಪಾಠವನ್ನು ಇನ್ನೊಮ್ಮೆ ಗಟ್ಟಿಯಾಗಿ ಹೇಳಿಕೊಡುವುದನ್ನು ‘ಪರಿಹಾರ ಬೋಧನೆ’ ಎನ್ನಲಾಗದು. ‘ಮನೆಯಲ್ಲಿ ಸ್ವಲ್ಪ ಓದಿಸಿ’ ಎಂದು ಕೂಲಿ ಮುಗಿಸಿ ಬಂದ ತಾಯಿಗೆ ಹೇಳುವುದಂತೂ ಜವಾಬ್ದಾರಿ ಜಾರಿಸುವ ಮಾತು.

ಯಾವುದು ಫಲ ಕೊಡುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಪುರಾವೆಯಿದೆ. ತರಗತಿ ನೋಡದೆ ಮಗು ಓದಬಲ್ಲ ಮಟ್ಟದಿಂದಲೇ ಕಲಿಸುವ ಪ್ರಥಮ್ ಸಂಸ್ಥೆಯ ವಿಧಾನವನ್ನು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಹಲವು ರಾಜ್ಯಗಳಲ್ಲಿ ಒರೆಗೆ ಹಚ್ಚಿದ್ದಾರೆ. ಬಿಹಾರದಲ್ಲಿ ಶಿಕ್ಷಕರಿಗೆ ಸಾಮಗ್ರಿ, ತರಬೇತಿ ಕೊಟ್ಟು ಅವರ ಪಾಡಿಗೆ ಬಿಟ್ಟಾಗ ಓದು ಸುಧಾರಿಸಲಿಲ್ಲ. ಅಲ್ಲಿನ ಸರ್ಕಾರಿ ಶಿಕ್ಷಕರೇ ಬೇಸಿಗೆ ಶಿಬಿರದಲ್ಲಿ ಕಲಿಸಿದಾಗ ಸುಧಾರಿಸಿತು. ಅಂದರೆ ಕೊರತೆಯಿದ್ದದ್ದು ಶಿಕ್ಷಕರ ಸಾಮರ್ಥ್ಯದ್ದಲ್ಲ, ಸಿಲಬಸ್ಸಿನ ಹಂಗಿಲ್ಲದ ಸಮಯದ್ದು. ಹರಿಯಾಣದಲ್ಲಿ ದಿನಕ್ಕೊಂದು ಗಂಟೆಯನ್ನು ಇದಕ್ಕೇ ಎತ್ತಿಟ್ಟು, 3ರಿಂದ 5ನೇ ತರಗತಿಯ ಮಕ್ಕಳನ್ನು ಅವರು ಓದಬಲ್ಲ ಮಟ್ಟದ ಮೇಲೆ ಗುಂಪು ಮಾಡಿದರು. ಮೇಲ್ವಿಚಾರಣೆಗೂ ಜನರಿದ್ದರು. ಅಲ್ಲೂ ಓದು ಮುಂದಕ್ಕೆ ಸಾಗಿತು.

ಗುಂಪು ಮಾಡಿದರೆ ಕೆಳಗಿನ ಗುಂಪಿಗೆ ‘ದಡ್ಡರು’ ಎಂಬ ಹಣೆಪಟ್ಟಿ ಅಂಟುತ್ತದೆ ಎಂಬ ಆಕ್ಷೇಪ ಹಗುರವಾದುದಲ್ಲ. ಸಂಜೆ ನಾಲ್ಕರ ಮೇಲೆ ಐದಾರು ಮಕ್ಕಳನ್ನಷ್ಟೇ ಉಳಿಸಿಕೊಂಡರೆ ಅದು ಅಂಟಿಯೇ ಅಂಟುತ್ತದೆ, ಆಟ ತಪ್ಪಿದ ಸಿಟ್ಟೂ ಸೇರಿಕೊಳ್ಳುತ್ತದೆ. ಶಾಲೆಯ ಅವಧಿಯಲ್ಲೇ ಎಲ್ಲರೂ ತಮ್ಮ ತಮ್ಮ ಗುಂಪಿಗೆ ಎದ್ದುಹೋಗುವಾಗ ಬೆರಳು ತೋರಿಸುವುದು ಅಷ್ಟು ಸುಲಭವಲ್ಲ. ಗುಂಪು ಶಾಶ್ವತವಾಗಬಾರದು, ಅಷ್ಟೆ. ಒತ್ತಕ್ಷರ ದಾಟಿದವಳು ಮರುವಾರವೇ ಮುಂದಿನ ಗುಂಪಿಗೆ ಹೋಗಬೇಕು. ಇಷ್ಟಾದ ಮೇಲೂ ಓದು ಒಲಿಯದ ಕೆಲವರಿರುತ್ತಾರೆ. ಅವರಲ್ಲಿ ಕಲಿಕಾ ನ್ಯೂನತೆ ಇದೆಯೇ ಎಂದು ತಜ್ಞರು ನೋಡಬೇಕಾದ್ದು ಆಗ, ಸೋಮಾರಿ ಎಂದು ಬೈದು ಮುಗಿಸಿದ ಮೇಲಲ್ಲ.

ಇಂಥ ನೆರವು ಔದಾರ್ಯದ ಮಾತೂ ಅಲ್ಲ. ಪ್ರತಿ ಮಗುವಿನ ಕಲಿಕೆಯನ್ನು ಅಳೆದು, ಬೇಕಾದವರಿಗೆ ಹೆಚ್ಚುವರಿ ಬೋಧನೆ ಕೊಡುವುದು ಶಿಕ್ಷಕರ ಕರ್ತವ್ಯ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. ಕರ್ತವ್ಯ ವಿಧಿಸಿದವರು ವೇಳಾಪಟ್ಟಿಯಲ್ಲಿ ಜಾಗ ಕೊಡುವುದನ್ನು ಮರೆತರು. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಇದೆಲ್ಲ ಆಗುವ ಮಾತೇ ಎನ್ನಬಹುದು. ಶಿಕ್ಷಕರ ಕೊರತೆಗೆ ನೇಮಕಾತಿಯೇ ಮದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಥ ಶಾಲೆಗಳಲ್ಲಿ ಮೂರು, ನಾಲ್ಕು, ಐದನೆಯ ತರಗತಿಗಳು ಹೇಗೂ ಒಂದೇ ಕೋಣೆಯಲ್ಲಿ ಕೂತಿರುತ್ತವೆ. ಬೆಳಗಿನ ಒಂದು ಗಂಟೆ ಅವರನ್ನು ಓದಿನ ಮಟ್ಟದ ಮೇಲೆ ಕೂರಿಸಲು ಹೊಸ ಕೋಣೆ ಬೇಕಿಲ್ಲ. ಆ ಗಂಟೆಯಲ್ಲಿ ಪಾಠ ಎಷ್ಟು ಮುಗಿಯಿತು ಎಂದು ಯಾರೂ ಕೇಳುವುದಿಲ್ಲವೆಂದು ಬಿಇಒ ಕಚೇರಿಯಿಂದ ಬರಹದಲ್ಲಿ ಒಂದು ಭರವಸೆ ಬೇಕು.