ಮಳೆ ಪುಸ್ತಕ

ಮಕ್ಕಳೇ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಷ್ಟು ಕಾಲವೂ ನನ್ನ ಮಾತು ಒಂದೇ: "ನಿವೃತ್ತಿಯಾಗಲಿ, ಕತೆ ಬರೆಯುತ್ತೇನೆ." ನಿವೃತ್ತಿಯಾಯಿತು. ಹೊಸ ನೋಟ್‌ಬುಕ್ಕೂ ಬಂತು. ಬೆಳಿಗ್ಗೆ ಕುಳಿತವನಿಗೆ ಮಧ್ಯಾಹ್ನವಾದರೂ ಒಂದು ಸಾಲು ಬರಲಿಲ್ಲ. ಸಮಯವಿತ್ತು, ಅಭ್ಯಾಸವಿರಲಿಲ್ಲ.

ನಮ್ಮ ಕೊಡಗಿನ ಗೌರಮ್ಮ ಹಾಗೆ ಕಾಯಲಿಲ್ಲ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಅವರು ಮನೆ, ಸಂಸಾರಗಳ ನಡುವೆಯೇ ಕತೆ ಬರೆದರು. 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಅವರಿಗೆ ಬರೀ 27 ವರ್ಷ. ಮುಂದೆ ಬರೆದರಾಯಿತು ಎಂದುಕೊಂಡಿದ್ದರೆ 'ಕಂಬನಿ', 'ಚಿಗುರು' ಸಂಕಲನಗಳು ನಮಗೆ ಸಿಗುತ್ತಲೇ ಇರಲಿಲ್ಲ.

ಅಭ್ಯಾಸ ಹೇಗೆಂದು ನಾನು ಕಲಿತದ್ದು ಪಕ್ಕದ ಕಾಫಿ ತೋಟದ ಮಳೆ ಪುಸ್ತಕದಿಂದ. ನಮ್ಮ ಬೆಳೆಗಾರರು ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿಡುತ್ತಾರೆ. ಕಕ್ಕಡ ತಿಂಗಳಲ್ಲಿ ಇಂಚುಗಟ್ಟಲೆ ಮಳೆ. ಬೇಸಿಗೆಯಲ್ಲಿ ಸಾಲುಸಾಲು ಸೊನ್ನೆ. ಸೊನ್ನೆ ಬಂತೆಂದು ಯಾರೂ ಪುಸ್ತಕ ಮುಚ್ಚಿಡುವುದಿಲ್ಲ.

ಈಗ ನಾನೂ ರಾತ್ರಿ ಊಟವಾದ ಮೇಲೆ ನಾಲ್ಕು ಪುಟ ಓದಿ, ನಾಲ್ಕು ಸಾಲು ಬರೆಯುತ್ತೇನೆ. ತೋಚದ ದಿನ "ಇಂದು ಏನೂ ತೋಚಲಿಲ್ಲ" ಎಂದೇ ಬರೆಯುತ್ತೇನೆ. ಅದನ್ನು ಬರೆಯುವಷ್ಟರಲ್ಲಿ ಒಮ್ಮೊಮ್ಮೆ ಎರಡನೆಯ ಸಾಲು ತಾನಾಗಿ ಬಂದುಬಿಡುತ್ತದೆ! ಈ ಅಂಕಣದ ಎಷ್ಟೋ ಬರಹಗಳು ಹುಟ್ಟಿದ್ದು ಹಾಗೆಯೇ.

ನೀವು ನನ್ನಷ್ಟು ತಡಮಾಡಬೇಡಿ. ಕಳೆದ ವರ್ಷದ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳೇ ಸಾಕು. ಇಂದಿನ ತಾರೀಕು ಹಾಕಿ. ಮಳೆಯೋ ಸೊನ್ನೆಯೋ, ಬರೆದುಬಿಡಿ.