ಚೀಫ್ ಗೆಸ್ಟ್ ಕಾರಿನ ಮುಂದೆ ವೀರಭದ್ರ

ಹೋದ ವಾರ ಹಾಸ್ಟೆಲ್‌ನಲ್ಲಿ ಆರು ಜನ ಒಂದೇ ಲ್ಯಾಪ್‌ಟಾಪಿಗೆ ಮುಗಿಬಿದ್ದು ಜಪಾನಿನ ನಿಕ್ಕೊ ಊರಿನ ಸಮುರಾಯಿ ಮೆರವಣಿಗೆ ನೋಡಿದೆವು. ಶೋಗನ್ ತೊಕುಗವಾ ಇಯೆಯಾಸುವಿನ ಅವಶೇಷಗಳನ್ನು 1617ರಲ್ಲಿ ಅಲ್ಲಿಗೆ ತಂದ ನೆನಪಿಗೆ ಮೇ 18ರಂದು ಸಾವಿರ ಮಂದಿ ವೇಷ ಕಟ್ಟಿ ನಡೆಯುತ್ತಾರೆ. ಸಮುರಾಯಿಗಳು ಕತ್ತಿ ಕಟ್ಟಿ ತಿರುಗುವುದನ್ನು ಸರ್ಕಾರ 1876ರಲ್ಲೇ ನಿಲ್ಲಿಸಿತು. ಹಾಗಾಗಿ ಇವರೆಲ್ಲ ಒಂದು ದಿನದ ಶೂರರು. ಮುಖದಲ್ಲಿ ಯುದ್ಧದ ಕಳೆ, ನಡಿಗೆಯಲ್ಲಿ ಹೊಸ ಚಪ್ಪಲಿ ಕಚ್ಚಿದ ಸಂಕಟ.

"ಸೂಪರ್ ಲೇ!" ಅಂದ ರೂಮ್‌ಮೇಟ್.

ಹಿಂದೆಯೂ ಎಲ್ಲ ಅಸಲಿ ಏನಿರಲಿಲ್ಲ ಬಿಡಿ. 1635ರಿಂದ ಸಾಮಂತರು ಸರದಿ ಪ್ರಕಾರ ಎಡೋಗೆ, ಅಂದರೆ ಈಗಿನ ಟೋಕಿಯೊಗೆ, ಬಂದಿರಬೇಕೆಂಬ ಕಟ್ಟಳೆ ಇತ್ತು. ಪಟ್ಟಣ ಹತ್ತಿರ ಬಂದಾಗ ದಂಡು ದೊಡ್ಡದು ಕಾಣಲೆಂದು ಕೂಲಿಗೆ ಆಳು ಹಿಡಿದು ಸಾಲಿಗೆ ಸೇರಿಸುತ್ತಿದ್ದರು. ನಮ್ಮ ಚುನಾವಣಾ ರ‍್ಯಾಲಿಯ ಮುತ್ತಜ್ಜ ಅಲ್ಲೇ ಹುಟ್ಟಿರಬೇಕು.

ನಂದು ಮೋರಖಂಡಿ. ಸಣ್ಣವನಿದ್ದಾಗ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಅಪ್ಪ ಕರಕೊಂಡು ಹೋಗುತ್ತಿದ್ದ. ಕಾಸೆ ಕಟ್ಟಿ, ಎದೆ ಮೇಲೆ ವೀರಭದ್ರನ ಮುಖ, ಕೈಯಾಗ ಕತ್ತಿ ಹಿಡಿದ ಪುರವಂತರು ದಕ್ಷನ ಯಜ್ಞ ಕೆಡಿಸಿದ ಕತೆಯನ್ನು ಒಡಪಿನಲ್ಲಿ ಗುಡುಗಿದರೆ ನಾನು ಅವ್ವನ ಸೆರಗಿನ ಹಿಂದೆ. ಗಲ್ಲಕ್ಕೆ ಶಸ್ತ್ರ ಹಾಕಿಕೊಂಡವರನ್ನು ನೋಡಿದ ರಾತ್ರಿ ಊಟ ಸೇರಲಿಲ್ಲ. ಅವರು ಯಾರೂ ನಡುವೆ ಮೊಬೈಲ್ ನೋಡುತ್ತಿರಲಿಲ್ಲ. ಅದು ಅವರಿಗೆ ವೇಷ ಅಲ್ಲ, ನೇಮ.

ಅಂಥವರನ್ನೇ ಹೋದ ವರ್ಷ ಒಂದು ಕಾಲೇಜಿನ ಫೆಸ್ಟಿಗೆ ಕರೆಸಿದ್ದರು. ನಾನು ವಾಲಂಟಿಯರ್. ಮುಕ್ಕಾಲು ತಾಸು ಬಿಸಿಲಿನಲ್ಲಿ ಗೇಟ್ ಹತ್ತಿರ ನಿಲ್ಲಿಸಿದೆವು. ಕಾರು ಬಂತು. ಎಸಿ ಹಾಕಿದ್ದರಿಂದ ಗಾಜು ಇಳಿಯಲಿಲ್ಲ. ಸಂಬಾಳದ ಸದ್ದಿಗೆ ಎರಡು ಹೆಜ್ಜೆ ಹಾಕುವಷ್ಟರಲ್ಲಿ "ಸಾಕು, ಟೈಮ್ ಆಯ್ತು" ಅಂದರು ಸಂಘಟಕರು. ಒಳಗೆ ಪವರ್ ಪಾಯಿಂಟಿನಲ್ಲಿ "ನಮ್ಮ ಸಂಸ್ಕೃತಿ" ಅಂತ ಸ್ಲೈಡ್ ಓಡುತ್ತಿತ್ತು.

ಹಿರಿಯ ಪುರವಂತರೊಬ್ಬರು ನನ್ನ ಹತ್ತಿರ ಬಂದು, "ತಮ್ಮಾ, ಒಡಪು ಎಲ್ಲಿ ನಿಂತು ಹೇಳಬೇಕು?" ಅಂದರು. ನಾನು ಉಪ್ಪಿಟ್ಟಿನ ಕೌಂಟರ್ ತೋರಿಸಿದೆ.

ಎಡೋದ ಸಾಮಂತರು ಕೂಲಿಗೆ ಆಳು ಹಿಡಿದಂತೆ ನಾವು ವೀರಭದ್ರನನ್ನೇ ಹಿಡಿದಿದ್ದೆವು. ಅದಕ್ಕೇ ಸಂಘದವರಿಗೆ ನನ್ನದೊಂದು ಅರ್ಜಿ: ಈ ಸಲ ರಾಜ್ಯೋತ್ಸವಕ್ಕೆ ಗೇಟಿನಲ್ಲಿ ಬ್ಯಾಂಡ್ ಸೆಟ್ ಇರಲಿ. ಪುರವಂತರಿಗೆ ವೇದಿಕೆ ಮೇಲೆ ಅರ್ಧ ಗಂಟೆ ಕೊಡಿ, ಮೈಕ್ ಕೊಡಿ. ಚೀಫ್ ಗೆಸ್ಟ್ ಕೆಳಗೆ ಮೊದಲ ಸಾಲಿನಲ್ಲಿ ಕೂತು ಕೇಳಲಿ. ಟೈಮ್ ಸಾಲದಿದ್ದರೆ ಅವರ ಭಾಷಣ ಕಟ್ ಮಾಡಿ.