ವಿದರ್ಭದ ಕಿತ್ತಳೆ ಮತ್ತು ಒಂದೇ ಮಾರುಕಟ್ಟೆಯ ನೆಚ್ಚಿಕೆ

ಬೆಲೆ ಬಿದ್ದ ಬೆಳೆಯನ್ನು ಬಿಟ್ಟು ಬೇರೊಂದನ್ನು ಬೆಳೆಯಬೇಕೆಂಬ ಸಲಹೆ ಜೋಳಕ್ಕೋ ಟೊಮೆಟೊಗೋ ಒಂದಿಷ್ಟು ಒಪ್ಪುತ್ತದೆ. ಏಕೆಂದರೆ ಅಲ್ಲಿ ಮುಂದಿನ ಹಂಗಾಮಿನಲ್ಲಿಯೇ ರೈತನಿಗೆ ಮರುಯೋಚನೆಗೆ ಅವಕಾಶವಿದೆ. ಕಿತ್ತಳೆಯ ಸಸಿ ಫಸಲಿಗೆ ಬರಲು ನಾಲ್ಕೈದು ವರ್ಷ ಬೇಕು, ಬಂದ ಮೇಲೆ ಅದು ಬೇಡವೆಂದರೂ ವರ್ಷವರ್ಷವೂ ಕಾಯಿ ಕಟ್ಟುತ್ತದೆ. ಬೆಲೆ ಏರಿಳಿದರೂ ಉತ್ಪಾದನೆ ಕೂಡಲೇ ಹಿಗ್ಗದೆ ಕುಗ್ಗದೆ ಇರುವ ಇಂಥ ಸ್ಥಿತಿಯನ್ನು ಪೂರೈಕೆಯ ಅನಮ್ಯತೆ ಎನ್ನಬಹುದು. ತೋಟದ ಬೆಳೆಗಾರ ಹಿಂದೆ ಸರಿಯಲಾರನೆಂದ ಮೇಲೆ, ಮಾರುಕಟ್ಟೆ ಕೆಟ್ಟ ವರ್ಷದ ಹೊರೆ ಯಾರ ಹೆಗಲಿಗೆ ಬೀಳಬೇಕು ಮತ್ತು ಪರಿಹಾರ ಯಾವ ಬಗೆಯದಾಗಿರಬೇಕು ಎಂಬುದು ನೀತಿಯ ಪ್ರಶ್ನೆಯಾಗುತ್ತದೆ.

ಮಹಾರಾಷ್ಟ್ರದ ವಿದರ್ಭ ಪ್ರಾಂತ್ಯ ಈ ಪ್ರಶ್ನೆಯನ್ನು 2023ರಲ್ಲಿ ತೀವ್ರವಾಗಿ ಎದುರಿಸಿತು. ಅಮರಾವತಿ ಜಿಲ್ಲೆಯ ವರುಡ್ ಮತ್ತು ಮೋರ್ಶಿ, ನಾಗಪುರ ಜಿಲ್ಲೆಯ ಕಾಟೋಲ್ ಮತ್ತು ನರಖೇಡ್ ತಾಲ್ಲೂಕುಗಳ ಬದುಕು ಬಹುಮಟ್ಟಿಗೆ ನಾಗಪುರ ಕಿತ್ತಳೆಯನ್ನು ನೆಚ್ಚಿಕೊಂಡಿದೆ. ಮಾವು ಹೂಬಿಡುವ ಕಾಲದಲ್ಲಿ ಹೂವಾಗಿ ವರ್ಷದ ಕೊನೆಗೆ ಕೊಯ್ಲಾಗುವ ಅಂಬಿಯಾ ಬಹಾರ್, ಮೃಗಶಿರಾ ಮಳೆಯ ಹೊತ್ತಿಗೆ ಹೂವಾಗಿ ಮರುವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ಕೈಗೆ ಬರುವ ಮೃಗ್ ಬಹಾರ್ ಎಂದು ಇಲ್ಲಿ ಎರಡು ಫಸಲುಗಳಿವೆ. ಸಡಿಲ ಸಿಪ್ಪೆಯ ಈ ಹಣ್ಣು ತಿನ್ನಲು ಸುಲಭವಾದರೂ ಬಹುಕಾಲ ತಾಳದು. ಆದ್ದರಿಂದ ಅದಕ್ಕೆ ಹತ್ತಿರದ, ದೊಡ್ಡ, ತಡೆಯಿಲ್ಲದ ಮಾರುಕಟ್ಟೆ ಬೇಕು. ಹೊರದೇಶಗಳ ಪೈಕಿ ಆ ಸ್ಥಾನ ಬಾಂಗ್ಲಾದೇಶದ್ದಾಗಿತ್ತು. ಆದರೆ ಆ ದೇಶ 2019ರಲ್ಲಿ ಕಿಲೋಗೆ 20 ಟಾಕಾ ಇದ್ದ ಆಮದು ಸುಂಕವನ್ನು ಹಂತಹಂತವಾಗಿ ಏರಿಸಿ, 2023ರ ಹೊತ್ತಿಗೆ 88 ಟಾಕಾಕ್ಕೆ ಮುಟ್ಟಿಸಿತು. ರಫ್ತು ಕುಸಿಯಿತು, ಗಡಿ ದಾಟಬೇಕಿದ್ದ ಹಣ್ಣು ದೇಶದೊಳಗಿನ ಮಂಡಿಗಳಿಗೇ ತಿರುಗಿ ಬೆಲೆಯನ್ನು ಕೆಳಗೆಳೆಯಿತು.

ಈ ಏರಿಕೆಯ ಕೊನೆಯ ಹಂತಗಳ ಹಿಂದೆ ಬಾಂಗ್ಲಾದೇಶದ ವಿದೇಶಿ ವಿನಿಮಯದ ಅಭಾವವಿತ್ತು. 2022ರಲ್ಲಿ ಅದು ಹಣ್ಣನ್ನು ಅನಿವಾರ್ಯವಲ್ಲದ ಆಮದೆಂದು ಬಗೆದು ಹೆಚ್ಚುವರಿ ಸುಂಕ ಹೇರಿತ್ತು. ಇದರೊಂದಿಗೆ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಭಾರತ 2019, 2020 ಮತ್ತು 2023ರಲ್ಲಿ ಈರುಳ್ಳಿ ರಫ್ತನ್ನು ಹಠಾತ್ತನೆ ನಿಷೇಧಿಸಿದಾಗ ಬಾಂಗ್ಲಾದೇಶದ ಗ್ರಾಹಕರು ಬಿಸಿ ಅನುಭವಿಸಿದ್ದರು. ಎರಡಕ್ಕೂ ನೇರ ಸಂಬಂಧವಿದೆಯೋ ಇಲ್ಲವೋ, ತನ್ನ ಮಾತಿಗೆ ನಿಲ್ಲದ ಮಾರಾಟಗಾರ ದೇಶ ಕೊಳ್ಳುವವರಿಂದ ಸ್ಥಿರತೆಯನ್ನು ಕೇಳುವ ನೈತಿಕ ಬಲವನ್ನು ಕಳೆದುಕೊಳ್ಳುತ್ತದೆ ಎಂಬುದಂತೂ ಸ್ಪಷ್ಟ. ಈರುಳ್ಳಿಯ ಕುರಿತು ದೆಹಲಿಯಲ್ಲಿ ತೆಗೆದುಕೊಂಡ ನಿರ್ಧಾರದಲ್ಲಿ ಕಿತ್ತಳೆ ಬೆಳೆಗಾರನ ದನಿಗೆ ಎಡೆಯೇ ಇರಲಿಲ್ಲ.

ಮಹಾರಾಷ್ಟ್ರ ಸರ್ಕಾರ 2023ರ ಕೊನೆಯಲ್ಲಿ ಈ ಸುಂಕದ ಅರ್ಧಭಾಗವನ್ನು ರಫ್ತುದಾರರಿಗೆ ಭರಿಸಿಕೊಡುವ, ಸುಮಾರು 170 ಕೋಟಿ ರೂಪಾಯಿಗಳ ಸಹಾಯಧನವನ್ನು ಪ್ರಕಟಿಸಿತು. ಹಣ್ಣು ಕೊಳೆಯುವ ಮುನ್ನ ಏನಾದರೂ ಮಾಡಲೇಬೇಕಿದ್ದುದರಿಂದ ಈ ಕ್ರಮವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೂ ಅದರಲ್ಲಿ ಎರಡು ಕೊರತೆಗಳಿವೆ. ಮೊದಲನೆಯದಾಗಿ, ಇಲ್ಲಿಂದ ಕೊಟ್ಟ ಹಣ ಕೊನೆಗೆ ನೆರೆಯ ದೇಶದ ಖಜಾನೆ ಸೇರುತ್ತದೆ. ಸುಂಕ ಮತ್ತೆ ಏರಿದರೆ ನೆರವು ಅಲ್ಲಿಗೇ ಕರಗುತ್ತದೆ. ಎರಡನೆಯದಾಗಿ, ಮಲೆನಾಡಿನ ಅಡಿಕೆಯ ಚೇಣಿಯಂತೆ ಇಲ್ಲಿಯೂ ಅನೇಕ ಬೆಳೆಗಾರರು ಫಸಲು ಮರದ ಮೇಲಿರುವಾಗಲೇ ವ್ಯಾಪಾರಿಗೆ ಒಪ್ಪಿಸಿರುತ್ತಾರೆ. ರಫ್ತುದಾರನಿಗೆ ಸಂದ ಸಹಾಯಧನ ಅವರ ಕೈಗೆ ತಲುಪುವ ಖಾತ್ರಿಯಿಲ್ಲ.

ಸಂಸ್ಕರಣೆಯೇ ಪರಿಹಾರವೆಂಬ ಮಾತನ್ನೂ ಎಚ್ಚರದಿಂದ ನೋಡಬೇಕು. ನಾಗಪುರ ಕಿತ್ತಳೆಯ ರಸ ತೆಗೆದಿಟ್ಟ ಸ್ವಲ್ಪ ಹೊತ್ತಿಗೆ, ಮುಖ್ಯವಾಗಿ ಬೀಜ ಮತ್ತು ತೊಳೆಯ ಪೊರೆಗಳಿಂದ ಬರುವ ಲಿಮೋನಿನ್ ಎಂಬ ಸಂಯುಕ್ತದಿಂದಾಗಿ ಕಹಿಯಾಗುತ್ತದೆ. ಕಹಿ ತೆಗೆಯುವ ತಂತ್ರವೋ ರಸಕ್ಕೆ ಒಗ್ಗುವ ಬೇರೆ ತಳಿಯೋ ಇಲ್ಲದೆ ಕಾರ್ಖಾನೆಯನ್ನಷ್ಟೇ ಕಟ್ಟಿದರೆ ಅದು ಬಾಗಿಲು ಮುಚ್ಚುತ್ತದೆ. ನಾಗಪುರದಲ್ಲಿಯೇ ಇರುವ ಕೇಂದ್ರೀಯ ನಿಂಬೆವರ್ಗದ ಸಂಶೋಧನಾ ಸಂಸ್ಥೆಯ ಅರಿವು ತೋಟಕ್ಕೂ ಕಾರ್ಖಾನೆಗೂ ಒಟ್ಟಿಗೆ ಇಳಿಯಬೇಕಾದುದು ಇದಕ್ಕಾಗಿಯೇ.

ಇನ್ನೊಂದು ದಾರಿ ಮಾರಾಟದ ಸಂಘಟನೆಯದು. ಕ್ಯಾಲಿಫೋರ್ನಿಯಾದ ಕಿತ್ತಳೆ ಬೆಳೆಗಾರರು 1893ರಲ್ಲಿ ತಮ್ಮದೇ ಮಾರಾಟ ಸಂಘವನ್ನು ಕಟ್ಟಿಕೊಂಡರು. ಮುಂದೆ ಸನ್‌ಕಿಸ್ಟ್ ಎಂದು ಹೆಸರಾದ ಆ ಸಹಕಾರ ಸಂಸ್ಥೆ ಹಣ್ಣನ್ನು ದರ್ಜೆವಾರು ವಿಂಗಡಿಸಿ, ಜಾಹೀರಾತಿನ ಮೂಲಕ ಸ್ವದೇಶದ ಮನೆಮನೆಗಳಲ್ಲಿ ಕಿತ್ತಳೆ ತಿನ್ನುವ, ರಸ ಕುಡಿಯುವ ರೂಢಿಯನ್ನು ಬೆಳೆಸಿತು. ಅವರ ಭೂಮಿ, ಬಂಡವಾಳ ಮತ್ತು ರೈಲು ಸೌಕರ್ಯ ವಿದರ್ಭದ ಸಣ್ಣ ಹಿಡುವಳಿದಾರನಿಗಿಲ್ಲ. ಆದರೂ ಮಾರಾಟದ ಹಿಡಿತ ಬೆಳೆಗಾರರ ಒಕ್ಕೂಟದಲ್ಲಿದ್ದರೆ ಬೇಡಿಕೆಯನ್ನು ಹೊಸದಾಗಿ ಹುಟ್ಟಿಸಬಹುದೆಂಬ ತತ್ತ್ವ ಇಲ್ಲಿಗೂ ಸಲ್ಲುತ್ತದೆ. ಹೆಸರೊಂದೇ ಸಾಲದೆಂಬುದಕ್ಕೆ ಕೊಡಗಿನ ಕಿತ್ತಳೆ ಸಾಕ್ಷಿ: ಭೌಗೋಳಿಕ ಗುರುತಿನ ಮನ್ನಣೆ ಪಡೆದರೂ ರೋಗಗಳಿಂದ ಅದರ ವಿಸ್ತಾರ ಕುಗ್ಗಿತು. ಅಲ್ಲಿ ಕಾಫಿ, ಮೆಣಸು ಜೊತೆಗಿದ್ದುದರಿಂದ ಕುಟುಂಬಗಳು ಉಳಿದವು. ಕಿತ್ತಳೆಯೊಂದನ್ನೇ ನಂಬಿದ ವಿದರ್ಭದ ತೋಟಕ್ಕೆ ಆ ಆಸರೆಯೂ ಇಲ್ಲ.

ಆದುದರಿಂದ ಕಷ್ಟದ ವರ್ಷದ ನೆರವನ್ನು ಅಳೆಯಬೇಕಾದುದು ಹಂಚಿದ ಮೊತ್ತದಿಂದಲ್ಲ, ಮುಂದಿನ ಕುಸಿತದಲ್ಲಿ ಬೆಳೆಗಾರನಿಗೆ ಎಷ್ಟು ಆಯ್ಕೆಗಳು ಉಳಿದಿರುತ್ತವೆ ಎಂಬುದರಿಂದ. ಹಣ ನೇರವಾಗಿ ತೋಟದ ಒಡೆಯನಿಗೆ ಸಲ್ಲಬೇಕು. ಅದರ ಒಂದು ಪಾಲು ಶೀತಗೃಹ, ವಿಂಗಡಣೆ, ತಳಿ ಬದಲಾವಣೆ ಮತ್ತು ಬೆಳೆಗಾರರ ಒಕ್ಕೂಟಗಳಿಗೆ ಮೀಸಲಾಗಬೇಕು. ರಫ್ತು ನೀತಿ ನೆರೆಯವರು ನಂಬುವಂತಿರಬೇಕು. ಮರವನ್ನು ಬಿಟ್ಟು ಹೋಗಲಾರದವನ ಮೇಲೆ ಮಾರುಕಟ್ಟೆಯ ಅಪಾಯವನ್ನೆಲ್ಲ ಹೊರಿಸುವ ವ್ಯವಸ್ಥೆ ಅನ್ಯಾಯದ್ದು ಮಾತ್ರವಲ್ಲ, ಅದು ಆ ಬೆಳೆಯನ್ನೇ ಕಾಲಕ್ರಮದಲ್ಲಿ ಇಲ್ಲವಾಗಿಸುತ್ತದೆ.